ಪಾಲಿಶ್ ಮಷೀನಿನ ಜೊತೆಗೆ ತೀನ್‌ತಾಳ

ಕೊರೊನಾ ಕಾಲ ಮುಗಿದು ಶಾಲೆಗಳ ಬಾಗಿಲು ಮತ್ತೆ ತೆರೆದ ಎರಡನೆಯ ವರ್ಷ. ನಾನು ಆಗ ಶಹಾಬಾದದ ಒಂದು ಪ್ರೌಢಶಾಲೆಯಲ್ಲಿ ಸಂಗೀತ ಶಿಕ್ಷಕಿ. ಮನೆ ವಾಡಿಯಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹಿಡಿದು ಹೋಗುವುದು, ಸಂಜೆ ಸಿಕ್ಕ ರೈಲಿಗೆ ಮರಳುವುದು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ನಮ್ಮ ಕಡೆ ಸಂಗೀತ ಶಿಕ್ಷಕರು ನಿವೃತ್ತರಾದರೆ ಅವರ ಕುರ್ಚಿ ಖಾಲಿ ಉಳಿಯುತ್ತದೆ. ಕೆಲವು ಕಡೆ ಕುರ್ಚಿಯೂ ಉಳಿಯುವುದಿಲ್ಲ, ಅದನ್ನು ಆಫೀಸಿಗೆ ಒಯ್ಯುತ್ತಾರೆ. ಹಾಗಾಗಿ ಆ ವರ್ಷ ಪರೀಕ್ಷೆಗೆ ಕೂರುವ ಮಕ್ಕಳು ನನ್ನ ಕೊನೆಯ ಮಕ್ಕಳು ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವರಲ್ಲಿ ಸುಜಾತಾ ಒಬ್ಬಳು. ಒಂಬತ್ತನೇ ಇಯತ್ತೆ. ಜೂನಿಯರ್ ತಬಲಾ ಪರೀಕ್ಷೆಗೆ ಅದು ಅವಳ ಎರಡನೆಯ ಸಲ. ಹಿಂದಿನ ವರ್ಷ ಪ್ರಾಯೋಗಿಕದಲ್ಲಿ ನಪಾಸಾಗಿದ್ದಳು. ಪರೀಕ್ಷಕರು ಮಗುವಿನ ಎದುರಿಗೇ "ಬೋಲು ಸ್ವಚ್ಛ ಅವ, ಆದ್ರ ಲಯಾನೇ ಇಲ್ಲ" ಎಂದುಬಿಟ್ಟಿದ್ದರು. ಬೋಲು ಎಂದರೆ ತಬಲೆಯ ಮೇಲೆ ನುಡಿಸುವ ಧಾ, ಧಿನ್, ತಿನ್ ಮುಂತಾದ ಅಕ್ಷರಗಳು. ಲಯ ಎಂದರೆ ಅವುಗಳ ನಡುವಿನ ಸಮನಾದ ಅಂತರ. ಹಾಡುವವರಿಗೆ ಲಯ ಸ್ವಲ್ಪ ತಪ್ಪಿದರೆ ತಬಲೆಯವರು ಸಂಭಾಳಿಸುತ್ತಾರೆ. ತಬಲೆಯವರಿಗೇ ಲಯ ಇಲ್ಲವೆಂದರೆ ಅವರು ಇನ್ನೇನು ಮಾಡಬೇಕು?

ವರ್ಷದ ಮೊದಲ ವಾರದಲ್ಲೇ ಅವಳು ನನ್ನ ಎದುರು ನಿಂತು ಹೇಳಿದಳು: "ಟೀಚರ್, ಈ ಸಲಾನೂ ಫೇಲಾದ್ರ ನಾ ತಬಲಾ ಮುಟ್ಟಂಗಿಲ್ರಿ. ಮುಂದಿನ ವರ್ಷ ನೀವೂ ಇರಂಗಿಲ್ಲ."

ಅಳಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ನಾಳೆ ರಜೆ ಹಾಕುತ್ತೇನೆ ಎನ್ನುವಂತೆ ಹೇಳಿದಳು. ಹಟ ಮಾಡುವ ಮಕ್ಕಳನ್ನು ನಾನು ಬಗ್ಗಿಸಬಲ್ಲೆ. ಹೀಗೆ ತಣ್ಣಗೆ ಹೇಳುವವರನ್ನು ಬಗ್ಗಿಸುವುದು ನನಗೆ ಗೊತ್ತಿಲ್ಲ. "ಮೊದ್ಲ ಕುಂದ್ರು, ಠೇಕಾ ಬಾರ್ಸು" ಎಂದೆ.

ತೀನ್‌ತಾಳದ ಠೇಕಾ ನುಡಿಸಿದಳು. ಠೇಕಾ ಎಂದರೆ ತಾಳದ ಮೂಲ ರೂಪ, ಹದಿನಾರು ಮಾತ್ರೆಗಳ ಒಂದು ಸುತ್ತು. ಸುತ್ತಿನ ಮೊದಲ ಮಾತ್ರೆಗೆ ಸಮ್ ಎನ್ನುತ್ತೇವೆ. ಎಲ್ಲರೂ ಬಂದು ಕೂಡುವ ಜಾಗ ಅದು. ಬೆರಳುಗಳು ಚೆಂದ ಬೀಳುತ್ತಿದ್ದವು. ಕೆಲವು ಸುತ್ತು ಸರಿಯಾಗಿ ನಡೆದು ಆಮೇಲೆ ಲಯ ಮೆಲ್ಲಗೆ ಜೋತುಬಿತ್ತು. ಸ್ವಲ್ಪ ಹೊತ್ತು ಹಾಗೆಯೇ ಎಳೆದುಕೊಂಡು ಹೋಗಿ ಮತ್ತೆ ತಾನಾಗಿ ಚುರುಕಾಯಿತು. ನನ್ನ ಮೂವತ್ತು ವರ್ಷದ ಅನುಭವದಲ್ಲಿ ಅವಸರ ಮಾಡುವ ಮಕ್ಕಳನ್ನು ನೋಡಿದ್ದೇನೆ, ಎಳೆಯುವವರನ್ನೂ ನೋಡಿದ್ದೇನೆ. ಒಂದೇ ಮಗು ಎರಡನ್ನೂ ಇಷ್ಟು ನೆಮ್ಮದಿಯಿಂದ ಮಾಡುವುದನ್ನು ನೋಡಿರಲಿಲ್ಲ. ಅವಳಿಗೆ ಅದು ತಪ್ಪು ಎಂದು ಅನಿಸುತ್ತಲೇ ಇರಲಿಲ್ಲ.

ಶಾಲೆಯಲ್ಲಿ ಕೈತಾಳ ಹಾಕಿಸಿದೆ. ಪೆಟ್ಟಿಗೆಯ ಮೇಲೆ ಲೆಹರಾ ನುಡಿಸಿದೆ. ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ತಬಲೆಯವರು ಸುತ್ತು ತಪ್ಪದಿರಲಿ ಎಂದು ಅದರಲ್ಲಿ ಒಂದೇ ಧಾಟಿಯನ್ನು ತಿರುತಿರುಗಿ ನುಡಿಸುವುದಕ್ಕೆ ಲೆಹರಾ ಎನ್ನುತ್ತಾರೆ. ನನ್ನೆದುರು ತಿದ್ದಿಕೊಳ್ಳುತ್ತಿದ್ದಳು. ಮರುದಿನ ಮನೆಯಿಂದ ಬಂದಾಗ ಹಾಡು ಅದೇ ಹಳೆಯದು. ಮಳೆಗಾಲ ಹೋಗಿ ಚಳಿ ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುವುದುಂಟು. ಒಂದು ಶನಿವಾರ ಅದು ಮೂಗು ದಾಟಿ ಹೊರಬಿತ್ತು. "ನಿಮ್ಮ ಅಪ್ಪನ್ನ ಕರ್ಕೊಂಡು ಬಾ" ಎಂದೆ.

"ಅಪ್ಪಗ ಮಷೀನ್ ಬಿಟ್ಟು ಬರಲಿಕ್ಕ ಆಗಲ್ರಿ."

"ಹಂಗಾದ್ರ ನಾನೇ ಬರ್ತೀನಿ, ನಡಿ ಮುಂದ."

ಅವಳ ತಂದೆ ಅಂಬಾದಾಸ ಫರಸಿ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮಷೀನು ನಡೆಸುತ್ತಿದ್ದರು. ಗಣಿಯಿಂದ ಬಂದ ಕಲ್ಲಿನ ಹಾಸುಗಳನ್ನು ನಾವು ಫರಸಿ ಎನ್ನುತ್ತೇವೆ. ಕಾರ್ಖಾನೆ ಎಂದರೆ ತಗಡಿನ ಒಂದು ಶೆಡ್ಡು. ಅದರ ಬೆನ್ನಿಗೇ ಅವರ ಎರಡು ಕೋಣೆಯ ಮನೆ. ಅಂಗಳದ ತುಂಬ ಬೂದುಬಣ್ಣದ ರಾಡಿ, ಗೋಡೆಗೆ ಒರಗಿಸಿಟ್ಟ ಫರಸಿಗಳು. ಸುಜಾತಾ ನನ್ನನ್ನು ಶೆಡ್ಡಿನ ಬಾಗಿಲಲ್ಲಿ ಬಿಟ್ಟು, ಬೈಗುಳದ ಹೊತ್ತಿಗೆ ಎದುರಿರುವುದು ಬೇಡವೆಂದೋ ಏನೋ, ಮನೆಯೊಳಗೆ ಹೋದಳು. ಅಂಬಾದಾಸ ಕೈಯಲ್ಲಿದ್ದ ಕಲ್ಲು ಮುಗಿಸಿ ಬರುವೆನೆಂದು ಸನ್ನೆ ಮಾಡಿದರು. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಈ ವರ್ಷ ಇವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ, ಎರಡನೆಯ ಸಲ ನಪಾಸಾಗಿ ಮನಸ್ಸು ಮುರಿದುಕೊಳ್ಳುವುದಕ್ಕಿಂತ ಅದೇ ಮೇಲು ಎಂದು ಹೇಳುವವಳಿದ್ದೆ. ವಾಕ್ಯವನ್ನೂ ಜೋಡಿಸಿಕೊಂಡಿದ್ದೆ.

ಅದು ಹಳೆಯ ಕಾಲದ ಮಷೀನು. ಮೋಟರಿನಿಂದ ದೊಡ್ಡ ಚಕ್ರಕ್ಕೆ ಅಗಲವಾದ ಒಂದು ಪಟ್ಟಾ ಸುತ್ತುತ್ತಿತ್ತು. ಪಟ್ಟಾದ ಎರಡು ತುದಿಗಳನ್ನು ಕೂಡಿಸಿದ ಲೋಹದ ಕ್ಲಿಪ್ಪು ಚಕ್ರದ ಮೇಲೆ ಹಾಯುವಾಗಲೆಲ್ಲ 'ಟಕ್' ಎನ್ನುತ್ತಿತ್ತು. ಟಕ್, ಟಕ್, ಟಕ್. ನನ್ನ ಕಿವಿಗೆ ಇಂಥದ್ದು ಬಿದ್ದರೆ ಬೆರಳು ತಾನಾಗಿ ಎಣಿಸುತ್ತದೆ. ಎಣಿಸುತ್ತಿರುವಾಗಲೇ ಒಳಗಿನಿಂದ ತಬಲೆ ಕೇಳಿತು. ನಾನು ಬಂದಿದ್ದೇನೆಂಬ ಹೆದರಿಕೆಗೆ ಹುಡುಗಿ ರಿಯಾಜ್‌ಗೆ, ಎಂದರೆ ಅಭ್ಯಾಸಕ್ಕೆ, ಕುಳಿತಿದ್ದಳು. ಠೇಕಾದ ಒಂದೊಂದು ಮಾತ್ರೆಯೂ ಟಕ್ಕಿನ ಮೇಲೆ ಅಚ್ಚೊತ್ತಿದ ಹಾಗೆ ಬೀಳುತ್ತಿತ್ತು.

ಅಂಬಾದಾಸ ಹೊಸ ಫರಸಿ ಇಟ್ಟು ತಿರುಗುತ್ತ ಉಜ್ಜುವ ತಟ್ಟೆಯನ್ನು ಅದರ ಮೇಲೆ ಇಳಿಸಿದರು. ಭಾರಕ್ಕೆ ಮಷೀನು ನರಳಿತು. ಟಕ್ಕು ನಿಧಾನವಾಯಿತು. ಒಳಗಿನ ತಬಲೆಯೂ ನಿಧಾನವಾಯಿತು. ಕಲ್ಲು ನುಣುಪಾಗಿ ತಟ್ಟೆ ಮೇಲೆದ್ದಾಗ ಟಕ್ಕು ಚುರುಕಾಯಿತು, ತಬಲೆಯೂ ಚುರುಕಾಯಿತು. ಸಮ್ ಒಂದು ಸಲವೂ ತಪ್ಪಲಿಲ್ಲ.

ನಾನು ಜೋರಾಗಿ ನಕ್ಕುಬಿಟ್ಟೆ. ಅಂಬಾದಾಸ ಗಾಬರಿಯಾಗಿ ಮಷೀನು ನಿಲ್ಲಿಸಿ ಬಂದರು. ಒಳಗೆ ತಬಲೆಯೂ ನಿಂತಿತು.

"ಯಾಕ ಟೀಚರ್ರೀ, ನಮ್ಮ ಹುಡುಗಿ ಏನರೆ ತಪ್ಪು ಮಾಡ್ಯಾಳೇನ್ರಿ?"

"ಆಕಿದಲ್ರೀ ತಪ್ಪು. ನಿಮ್ಮ ಮಷೀನಿಂದು" ಎಂದೆ.

ಸುಜಾತಾಳನ್ನು ಕರೆದು ಕೇಳಿದಾಗ ಎಲ್ಲ ತಿಳಿಯಿತು. ಶಾಲೆ ಮುಚ್ಚಿದ್ದ ದಿನಗಳಲ್ಲಿ ನಾನು ಫೋನಿಗೆ ಲೆಹರಾ ಕಳಿಸುತ್ತಿದ್ದೆ. ಶೆಡ್ಡಿನ ಸದ್ದಿನಲ್ಲಿ ಅದು ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಟಕ್ ಒಂದೇ. "ಅದ್ರ ಜೋಡಿನೇ ಬಾರಸ್ಲಿಕ್ಕ ಹಿಡದೆರಿ. ಮಷೀನ್ ಶುರು ಇದ್ರ ನಾ ಒಬ್ಬಾಕಿನೇ ಇದ್ದೀನಿ ಅನಸಂಗಿಲ್ರಿ" ಎಂದಳು. ಟಕ್ಕು ಇಲ್ಲದ ಕಡೆಯೂ ಅವಳ ಕೈಗೆ ಫರಸಿ ಏರಿಳಿಯುವುದು ರೂಢಿಯಾಗಿಬಿಟ್ಟಿತ್ತು. ಲಯ ಇಲ್ಲದ ಹುಡುಗಿಯಲ್ಲ ಇವಳು. ಇಷ್ಟು ಸೂಕ್ಷ್ಮವಾಗಿ ಇನ್ನೊಬ್ಬರ ಲಯ ಹಿಡಿಯುವ ಕಿವಿ ನನಗೂ ಆ ವಯಸ್ಸಿನಲ್ಲಿ ಇರಲಿಲ್ಲ. ನಾನು ಜೋಡಿಸಿಟ್ಟ ವಾಕ್ಯ ಅಲ್ಲಿಯೇ ರಾಡಿಯಲ್ಲಿ ಬಿತ್ತು.

ಮೊದಲಿಗೆ ಮಷೀನು ನಿಂತಿರುವ ಊಟದ ಹೊತ್ತಿಗೆ ಮಾತ್ರ ರಿಯಾಜ್ ಮಾಡಲು ಹೇಳಿದೆ. ಅದು ಕೆಲಸಕ್ಕೆ ಬರಲಿಲ್ಲ. ಮನೆಯಲ್ಲಿ ಆ ಸದ್ದಿಲ್ಲದಾಗ ಅವಳ ಕೈಯೇ ಏಳುತ್ತಿರಲಿಲ್ಲ. ಆಗ ಅವಳ ಮಷೀನಿನ ಎದುರಿಗೇ ಪಾಠ ಆಗಬೇಕೆಂದು ತೀರ್ಮಾನಿಸಿದೆ. ಮೊದಲು ತಬಲೆ ಬೇಡ, ಪಡಂತ್ ಸಾಕು ಎಂದೆ. ಪಡಂತ್ ಎಂದರೆ ಕೈಯಲ್ಲಿ ತಾಳ ಹಾಕುತ್ತ ಬೋಲುಗಳನ್ನು ಬಾಯಲ್ಲಿ ಹೇಳುವುದು. ಶಾಲೆ ಬಿಟ್ಟ ಮೇಲೆ ನನ್ನ ರೈಲಿನ ತನಕ ಶೆಡ್ಡಿನ ಬಾಗಿಲಲ್ಲಿ ನಾವಿಬ್ಬರೂ ಕೂತು ಧಾ ಧಿನ್ ಧಿನ್ ಧಾ ಎನ್ನುತ್ತಿದ್ದೆವು. ಕಲ್ಲು ಹೊರಲು ಬಂದವರು ನಿಂತು ನೋಡಿ ಹೋಗುತ್ತಿದ್ದರು. ಅಂಬಾದಾಸ ಫರಸಿ ಏರಿಸಿದಾಗ ಟಕ್ಕು ಹಿಂದೆ ಬೀಳುತ್ತಿತ್ತು. ಅವಳೂ ಅದರ ಹಿಂದೆ ಹೊರಡುತ್ತಿದ್ದಳು.

"ಅದು ಹೋದ್ರ ಹೋಗ್ಲಿ. ನೀ ಹೋಗಬ್ಯಾಡ" ಎನ್ನುತ್ತಿದ್ದೆ.

"ಬಿಟ್ಟು ಮುಂದ ಹೋಗಲಿಕ್ಕ ಮನಸೇ ಬರಲ್ರಿ ಟೀಚರ್" ಎಂದಳು ಒಂದು ದಿನ. ಗೆಳತಿಯ ವಿಷಯ ಮಾತಾಡಿದಂತಿತ್ತು ಅದು.

"ಬಿಡಬ್ಯಾಡ. ಅದು ಎಲ್ಲಿ ಅದ ಅನ್ನೋದು ಕೇಳ್ಕೋತಾನೇ ಇರು. ನೀ ಮಾತ್ರ ನಿನ್ನ ಜಾಗಾದಾಗ ನಿಂದ್ರು. ಬೇಕಾದ್ರ ಅದೇ ಬರ್ತದ."

ಇದು ಅವಳಿಗೆ ಹಿಡಿಸಿತು. ಕೆಲವು ದಿನದಲ್ಲಿ ಪಡಂತ್ ಗಟ್ಟಿಯಾಯಿತು, ಆಮೇಲೆ ತಬಲೆ ತಂದಿಟ್ಟೆವು. ಅಂಬಾದಾಸರಿಗೂ ಹುರುಪು ಬಂತು. "ದಪ್ಪನ್ನ ಫರಸಿ ಹಾಕ್ಲೇನ್ರಿ ಟೀಚರ್ರೀ? ನೋಡಮ್ಮಿ ಈಗ" ಎಂದು ಮಗಳನ್ನು ಕೆಣಕುತ್ತ ಬೇಕೆಂದೇ ಭಾರದ ಕಲ್ಲು ಏರಿಸುತ್ತಿದ್ದರು. ಮಷೀನು ನರಳುತ್ತಿತ್ತು. ಹುಡುಗಿ ತುಟಿ ಕಚ್ಚಿಕೊಂಡು ನಡೆಸುತ್ತಿದ್ದಳು. ತಪ್ಪಿದರೆ ತಂದೆ ಮಗಳು ಇಬ್ಬರೂ ನಗುತ್ತಿದ್ದರು. ಬರಬರುತ್ತ ತಂದೆ ನಗುವ ಸಂದರ್ಭ ಕಡಿಮೆಯಾಯಿತು.

ಪರೀಕ್ಷಾ ಕೇಂದ್ರ ಸೇಡಂನಲ್ಲಿ. ಶಹಾಬಾದದಿಂದ ಬಂದ ಅಪ್ಪ ಮಗಳನ್ನು ವಾಡಿ ಸ್ಟೇಶನ್ನಿನಲ್ಲಿ ಕೂಡಿಕೊಂಡು, ಚಿತ್ತಾಪುರ ದಾಟಿ ಸೇಡಂಗೆ ಇಳಿದೆವು. ತಬಲೆಯ ಗಂಟನ್ನು ಅಂಬಾದಾಸ ಯಾರಿಗೂ ಕೊಡಲಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಂಡು ಕುಳಿತಿದ್ದರು. ಕೇಂದ್ರದಲ್ಲಿ ಪೆಟ್ಟಿಗೆ ನುಡಿಸಲು ಬಂದಿದ್ದವರು ಚಿತ್ತಾಪುರದ ಒಬ್ಬ ಹಿರಿಯರು. ಭಜನೆಗಳಲ್ಲಿ ನುಡಿಸಿ ಪಳಗಿದ ಕೈ. ಆದರೆ ಅಂದು ಅವರಿಗೆ ಕೆಮ್ಮು.

ಸುಜಾತಾಳ ಸರದಿಗೆ ಮೊದಲು ಚಿಮ್ಮನಚೋಡದ ಒಬ್ಬ ಪುಟ್ಟ ಹುಡುಗಿಯ ಗಾಯನ ಪರೀಕ್ಷೆ ಇತ್ತು. ಅವಳಿಗೆ ತಬಲಾ ಸಾಥ್ ಕೊಡಬೇಕಾದವರು ಚಿಂಚೋಳಿಯಲ್ಲಿ ಬಸ್ಸು ತಪ್ಪಿಸಿಕೊಂಡಿದ್ದರು. ಸಾಥ್ ಎಂದರೆ ಹಾಡುವವರ ಜೊತೆಗೆ ನುಡಿಸುವುದು. ಪರೀಕ್ಷಕರು ಹೊರಗೆ ಬಂದು, "ತಬಲಾದವರು ಯಾರಾದ್ರೂ ಕೂಡ್ತೀರೇನು?" ಎಂದು ಕೇಳಿದರು. ತಮ್ಮ ಪರೀಕ್ಷೆಯ ಭಯದಲ್ಲಿದ್ದ ಮಕ್ಕಳು ನೆಲ ನೋಡಿದರು. ಸುಜಾತಾ ನನ್ನ ಮುಖವನ್ನೂ ನೋಡದೆ ಎದ್ದು ಹೋದಳು.

ತಿಂಗಳುಗಟ್ಟಲೆ ಯಾರ ಹಿಂದೆಯೂ ಹೋಗಬೇಡವೆಂದು ತಿದ್ದಿದ್ದೆ. ಹೆದರಿದ ಪುಟ್ಟ ಹುಡುಗಿ ಲಯ ಬಿಟ್ಟು ಓಡುವುದು ಖಂಡಿತ. ಇವಳು ಗಟ್ಟಿಯಾಗಿ ನಿಂತರೆ ಆ ಮಗು ಬೀಳುತ್ತದೆ. ಜೊತೆಗೆ ಓಡಿದರೆ ಹಳೆಯ ರೂಢಿ ಮರಳಿ ಬಂದು ಇವಳೇ ಬೀಳುತ್ತಾಳೆ. ಕಿಟಕಿಯ ಹೊರಗೆ ನಾನು, ಪಕ್ಕದಲ್ಲಿ ಅಂಬಾದಾಸ.

ಮಗು ಎರಡನೇ ಸಾಲಿಗೇ ಓಟ ಕಿತ್ತಿತು. ಸುಜಾತಾ ಜೊತೆಗೆ ಹೋದಳು, ಒಂದು ಸುತ್ತು ಅದರ ಕೈ ಹಿಡಿದ ಹಾಗೆ ಹೋದಳು. ಆಮೇಲೆ ಸುತ್ತಿನಿಂದ ಸುತ್ತಿಗೆ ಮೆಲ್ಲಗೆ ಹಿಂದಕ್ಕೆ ಕರೆದು ತಂದಳು. ಮಗುವಿಗೆ ತಾನು ಓಡಿದ್ದೂ ತಿಳಿಯಲಿಲ್ಲ, ಮರಳಿದ್ದೂ ತಿಳಿಯಲಿಲ್ಲ. ಹಾಡು ಮುಗಿದಾಗ ಅದು ಸುಜಾತಾಳ ಕಡೆ ತಿರುಗಿ ನಕ್ಕಿತು.

ಅಲ್ಲೇ ಸುಜಾತಾಳ ಪರೀಕ್ಷೆ ಶುರುವಾಯಿತು. ಠೇಕಾ ಆಯಿತು. ಕಾಯದಾ, ಎಂದರೆ ಒಂದು ಬೋಲಿನ ಗುಂಪನ್ನು ಹಿಡಿದು ಬೆಳೆಸುವ ರಚನೆ, ಅದೂ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಪೆಟ್ಟಿಗೆಯ ಹಿರಿಯರಿಗೆ ಕೆಮ್ಮು ಒತ್ತರಿಸಿ ಬಂತು. ಗಾಳಿ ಒತ್ತುವ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಗಾಳಿ ಸಾಲದೆ ಲೆಹರಾ ನರಳುತ್ತ ನಿಧಾನವಾಯಿತು. ಫರಸಿಯ ಮೇಲೆ ತಟ್ಟೆ ಇಳಿದ ಹಾಗೆಯೇ.

ನನ್ನ ಪಕ್ಕದಲ್ಲಿ ಅಂಬಾದಾಸ ಉಸಿರಿನಲ್ಲಿ ಹೇಳಿದರು: "ದಪ್ಪನ್ನ ಕಲ್ಲು ಬಂತು."

ಸುಜಾತಾ ತಲೆ ಎತ್ತಿ ಹಿರಿಯರನ್ನು ನೋಡಿದಳು. ಕೈ ಹಿಂದೆ ಬೀಳಲಿಲ್ಲ. ಕಾಯದಾ ತನ್ನ ಪಾಡಿಗೆ ನಡೆಯಿತು. ಹಿರಿಯರು ಕೆಮ್ಮು ನುಂಗಿ, ಅವಳ ಬೋಲು ಹಿಡಿದು, ಮುಂದಿನ ಸಮ್ಮಿಗೆ ಲೆಹರಾ ತಂದು ಕೂಡಿಸಿದರು. ಅವರೇ ಮೊದಲು "ಶಾಭಾಷ್" ಅಂದರು. ಪರೀಕ್ಷಕರು ತಲೆಯಾಡಿಸಿದರು, ಅಷ್ಟೇ. ನಾನು ಕಿಟಕಿಯ ಸರಳು ಹಿಡಿದು ಅತ್ತೆ. ಅಂಬಾದಾಸ ಬೇರೆ ಕಡೆ ನೋಡುತ್ತ ನಿಂತರು.

ಫಲಿತಾಂಶ ಬಂದಾಗ ಅವಳದು ಮೊದಲ ದರ್ಜೆ. ನಾನು ನಿವೃತ್ತಳಾದೆ. ಕುರ್ಚಿ ಆಫೀಸಿಗೆ ಹೋಯಿತು. ಸುಜಾತಾ ಈಗ ಭಾನುವಾರ ರೈಲು ಹತ್ತಿ ವಾಡಿಗೆ ನಮ್ಮ ಮನೆಗೆ ಬರುತ್ತಾಳೆ. ಸೀನಿಯರ್ ಪರೀಕ್ಷೆಯ ತಯಾರಿ ನಡೆದಿದೆ. ಮಗುವಿನ ತಪ್ಪು ತಿದ್ದುವ ಮೊದಲು ಅದು ಯಾವ ಸದ್ದು ಕೇಳುತ್ತ ಬೆಳೆಯುತ್ತಿದೆ ಎಂದು ಹೋಗಿ ಕೇಳಬೇಕು. ಈ ಕೆಲಸ ನನಗೆ ಕಲಿಸಿದ ಕೊನೆಯ ಪಾಠ ಇದು, ಕಲಿತದ್ದು ಸ್ಟೂಲಿನ ಮೇಲೆ ಕುಳಿತು.

ಮೊನ್ನೆ ಬಂದವಳು ತಬಲೆ ಬಿಚ್ಚುತ್ತ ಹೇಳಿದಳು: "ಟೀಚರ್, ಮಷೀನಿಗೆ ಹೊಸಾ ಪಟ್ಟಾ ಹಾಕ್ಯಾರ್ರಿ. ಜೋಡಣಿನೇ ಇಲ್ಲ ಅದಕ್ಕ. ಟಕ್ ಅನ್ನೋದು ಬಂದ್ ಆಗ್ಯಾದ."

ನನಗೇ ಕಸಿವಿಸಿಯಾಯಿತು. "ಒಬ್ಬಾಕಿನೇ ಆದಂಗ ಅನಸ್ಲಿಕತ್ತದೇನು?" ಎಂದೆ.

"ಇಲ್ರಿ. ನಾ ಬಾರಸ್ಲಿಕತ್ತಿದ್ರ ಅಪ್ಪ ಸಮ್ ಬರೋ ತನಕ ಕಾದು ಫರಸಿ ಏರಸ್ತಾನ್ರಿ."