ಒದ್ದೆ ಕೈಯೂ ಮಂಗಳನ ನೀರೂ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಸೊಸೆ ತನ್ನ ಹತ್ತಿ ಸೀರೆಗೆ ಗಂಜಿ ಹಾಕಿ ಒಣಹಾಕಿದ್ದಳು. ಅಕ್ಕಿಗಂಜಿಗೆ ಬಿಸಿಯಿರುವಾಗ ಒಂದು ವಾಸನೆ, ಆರಿದ ಮೇಲೆ ಇನ್ನೊಂದು. ನೂಲಿಗೆ ಹತ್ತಿ ಬಿಸಿಲು ಕಂಡ ಮೇಲೆ ಬರುವುದು ಮೂರನೆಯದು. ಆ ಮೂರನೆಯ ವಾಸನೆ ಗೋಡೆ ದಾಟಿ ನಮ್ಮ ಜಗುಲಿಗೆ ಬಂದಾಗ ನಾನು ತಮಿಳು ಪತ್ರಿಕೆ ಹಿಡಿದು ಕೂತಿದ್ದೆ. ಮಂಗಳ ಗ್ರಹಕ್ಕೆ ಕಳಿಸಿದ ಯಂತ್ರಕ್ಕೆ ಅಲ್ಲಿ ನೀರಿನ ಕುರುಹು ಸಿಕ್ಕಿತೆಂದು ಒಳಪುಟದಲ್ಲಿ ಒಂದು ಸುದ್ದಿ ಇತ್ತು. ಮೂಗಿಗೆ ಗಂಜಿ, ಕಣ್ಣಿಗೆ ಮಂಗಳ! ಇವೆರಡಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಬೇರೆ ಮನೆಗಳ ಮಾತು ನನಗೆ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಆ ನಂಟು ನಲವತ್ತು ವರ್ಷದಷ್ಟು ಹಳೆಯದು.

ನಮ್ಮದು ಪೊಳ್ಳಾಚಿಯ ಹತ್ತಿರ ನೆಗಮಂ. ನೇಕಾರರ ಬೀದಿ. ನಮ್ಮ ಹಿರಿಯರು ಯಾವ ಕಾಲಕ್ಕೆ ಕನ್ನಡ ಸೀಮೆಯಿಂದ ಇಲ್ಲಿಗೆ ಬಂದರೋ ಯಾರಿಗೂ ನೆನಪಿಲ್ಲ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಹೊರಗೆ ತಮಿಳು ಎಂದು ಬದುಕಿದವರು ನಾವು. ಒಳಗಿನ ಕನ್ನಡಕ್ಕೂ ಅರ್ಧಕ್ಕರ್ಧ ತಮಿಳೇ ಹೊಕ್ಕಿತ್ತು. ನಾನು ಎಂಟನೆಯ ತರಗತಿಯವರೆಗೆ ಓದಿದ್ದು ತಮಿಳಿನಲ್ಲಿ. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ಕಲಿಸಿದ್ದು ನಮ್ಮಾಕೆ. ಅವಳ ತವರು ಕೊಳ್ಳೇಗಾಲ. ಆಗ ಅದೂ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನನ್ನ ಬರವಣಿಗೆಯಲ್ಲಿ ತಪ್ಪು ಕಂಡರೆ ಬೈಗುಳ ಅವಳಿಗಲ್ಲ, ನನಗೆ ಇರಲಿ. ಅವಳು ಸರಿಯಾಗಿಯೇ ಕಲಿಸಿದ್ದಳು.

ಮದುವೆಯಾದದ್ದು ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ. ನನಗೆ ಇಪ್ಪತ್ತೆರಡು. ಧಾರೆ ಎರೆಯುವ ಮುಂಚೆ ಒಮ್ಮೆ ಅವಳ ಕೈಯನ್ನು ನನ್ನ ಕೈಯಲ್ಲಿಟ್ಟರು. ಅಂಗೈ ಪೂರಾ ಒದ್ದೆ. ಹೆದರಿಕೆಗೆ ಬೆವರಿರಬೇಕು ಅಂದುಕೊಂಡೆ. ಕೈ ಬಿಟ್ಟ ಕೂಡಲೇ, ಯೋಚಿಸದೆ, ನನ್ನ ಅಂಗೈಯನ್ನು ಪಂಚೆಗೆ ಒರೆಸಿಕೊಂಡೆ. ಅವಳು ತಲೆ ತಗ್ಗಿಸಿ ಕೂತಿದ್ದಳು, ನೋಡಿಲ್ಲ ಎಂದು ನನ್ನ ನಂಬಿಕೆ. ತಲೆ ತಗ್ಗಿಸಿದವರಿಗೆ ಕಾಣುವುದು ಪಂಚೆಯೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಅದು ಹೆದರಿಕೆಯ ಬೆವರಲ್ಲ. ಅವಳ ಅಂಗೈ ಇರುವುದೇ ಹಾಗೆ, ಮಾರ್ಗಳಿಯ ಚಳಿಯಲ್ಲೂ ಪಸೆ. ಬೇರೆ ಮನೆಗೆ ಹೋಗಿದ್ದರೆ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಮ್ಮ ಮನೆಗೆ ಬಂದದ್ದು ಅವಳ ಗ್ರಹಚಾರ.

ಅದನ್ನು ತಿಳಿಯಬೇಕಾದರೆ ನೀವು ಒಂದು ಬೆಳಿಗ್ಗೆ ನಮ್ಮ ಬೀದಿಗೆ ಬರಬೇಕು. ಸೂರ್ಯ ಹುಟ್ಟುವ ಮುಂಚೆ ಬಟ್ಟೆಯ ಉದ್ದಕ್ಕೆ ಹೋಗುವ ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಿದ್ದೆವು. ನಮ್ಮ ಮನೆಮಾತಿನಲ್ಲಿ ಅದಕ್ಕೆ ಪಾವು. ಅದಕ್ಕೆ ಗಂಜಿ ಬಳಿದು, ಎರಡೂ ಕಡೆಯಿಂದ ಕುಂಚ ಎಳೆದು, ಎಳೆ ಎಳೆ ಬಿಡಿಸಿ ಒಣಗಿಸಬೇಕು. ಬೀದಿಯಲ್ಲಿ ಆಗ ಎತ್ತಿನ ಗಾಡಿಯೂ ಬರುವ ಹಾಗಿಲ್ಲ. ಒಣಗುವುದಕ್ಕೂ ಒಂದು ಹದ ಇದೆ. ಹಸಿ ಇರುವಾಗಲೇ ಸುತ್ತಿದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ, ಬೂಸಲು ಹಿಡಿಯುತ್ತದೆ. ಮೀರಿ ಒಣಗಿದರೆ ಮಗ್ಗಕ್ಕೆ ಹೋದ ಮೇಲೆ ಪಟಪಟ ಹರಿಯುತ್ತದೆ. ನಡುವೆ ಇರುವುದು ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಆ ಹೊತ್ತು ಬಂತೋ ಇಲ್ಲವೋ ಎಂದು ಬೆರಳಿಟ್ಟು ಹೇಳುವವಳು ಮನೆಯ ಹಿರಿಯ ಹೆಂಗಸು. ಅವಳು ‘ಸುತ್ತಿ’ ಎಂದರೆ ಸುತ್ತಬೇಕು, ಗಂಡಸರು ಎದುರು ಮಾತಾಡುವಂತಿಲ್ಲ.

ನಮ್ಮ ಅವ್ವನ ಬೆರಳಿಗೆ ಬೀದಿಯಲ್ಲೆಲ್ಲ ಹೆಸರಿತ್ತು. ಅಕ್ಕಪಕ್ಕದವರೂ ಕರೆಯುತ್ತಿದ್ದರು. ಕರೆದಾಗ ಅವಳು ಸ್ವಲ್ಪ ತಡಮಾಡಿಯೇ ಹೋಗುತ್ತಿದ್ದಳು, ಅದೂ ಮರ್ಯಾದೆಯ ಒಂದು ಭಾಗ. ಅವಳ ಕೆಲಸ ಅವಳ ನಂತರ ಹಿರೀಸೊಸೆಗೆ ಬರಬೇಕು. ಹಿರೀಸೊಸೆ ಎಂದರೆ ನಮ್ಮಾಕೆ. ಮನೆ ತುಂಬಿದ ಮೊದಲ ವಾರವೇ ಅವ್ವ ಅವಳ ಅಂಗೈ ಬಿಡಿಸಿ ನೋಡಿ, ಬೇಸರದಿಂದ ಲಾಳಿಗೆ ಹಾಕುವ ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂರಿಸಿದಳು. “ನಿನ್ ಕೈಯೇ ತಣ್ಣಿ, ಕಣ್ಣು. ಪಾವಿಗೆ ಆಗಾದಿಲ್ಲ” ಅಂದಳು. ತಣ್ಣಿ ಎಂದರೆ ತಮಿಳಿನಲ್ಲಿ ನೀರು, ಕಣ್ಣು ಎಂಬುದು ಮುದ್ದಿನ ಕರೆ. ಅವ್ವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಕುಂಟನಿಗೆ ಓಡಬೇಡ ಎನ್ನುವಂತೆ ಹೇಳಿದಳು, ಅಷ್ಟೆ. ಆದರೆ ನಮ್ಮ ಬೀದಿಯಲ್ಲಿ ಪಾವು ಮುಟ್ಟದ ಹಿರೀಸೊಸೆ ಎಂದರೆ ಮನೆಗೆ ಬಂದ ನೆಂಟರಿದ್ದ ಹಾಗೆ. ಉಣ್ಣಬಹುದು, ಕೂರಬಹುದು, ಮನೆಯವಳು ಅನ್ನಿಸಿಕೊಳ್ಳುವಂತಿಲ್ಲ.

ಆ ವರ್ಷ ಅವ್ವನಿಗೆ ಜ್ವರ ಬಂದು ಮಲಗಿದ ದಿನವೇ ನಮ್ಮ ಪಾವನ್ನು ಬೀದಿಯಲ್ಲಿ ಎಳೆದು ಕಟ್ಟಿಯಾಗಿತ್ತು. ಬೇರೆ ದಾರಿಯಿಲ್ಲದೆ ನಮ್ಮಾಕೆಯನ್ನೇ ಕರೆದೆವು. ಅವಳು ಬೆರಳಿಟ್ಟು ಇನ್ನೂ ಹಸಿ ಇದೆ ಅಂದಳು. ಕಾದೆವು. ಮತ್ತೆ ಬೆರಳಿಟ್ಟಳು, ಇನ್ನೂ ಇದೆ ಅಂದಳು. ಅವಳಿಗೆ ಸಿಗುತ್ತಿದ್ದುದು ಅವಳದೇ ಕೈಯ ಪಸೆ ಎಂದು ಗೊತ್ತಾಗುವ ಹೊತ್ತಿಗೆ ಬಿಸಿಲು ಏರಿ ಪಾವು ಹಪ್ಪಳವಾಗಿತ್ತು. ಆ ಪಾವನ್ನು ನೇಯ್ದವನು ನಾನು. ಎಳೆ ಹರಿಯುವುದು, ಮಗ್ಗ ನಿಲ್ಲಿಸುವುದು, ಗಂಟು ಹಾಕುವುದು, ಮತ್ತೆ ಹರಿಯುವುದು. ನಾನು ಅವಳನ್ನು ಒಂದು ಮಾತೂ ಬೈಯಲಿಲ್ಲ ಎಂದು ಬಹಳ ಕಾಲ ಹೆಮ್ಮೆಪಟ್ಟುಕೊಂಡಿದ್ದೆ. ಆದರೆ ಒಂದೊಂದು ಎಳೆ ಹರಿದಾಗಲೂ ಅಡುಗೆಮನೆಗೆ ಕೇಳುವ ಹಾಗೆ ‘ಚ್ಚು’ ಅನ್ನುತ್ತಿದ್ದೆ. ಬೈಗುಳವಾದರೂ ಒಂದು ಸಲ ಆಡಿ ಮುಗಿಯುತ್ತಿತ್ತು. ಆಗಿನಿಂದ ಬೀದಿಯಲ್ಲಿ ಅವಳಿಗೆ ‘ಒದ್ದೆಗೈಯವಳು’ ಎಂದೇ ಹೆಸರಾಯಿತು.

ಇನ್ನು ಮಂಗಳನ ವಿಷಯ. ಕೆಲವು ತಿಂಗಳಾದ ಮೇಲೆ ಒಂದು ಸಂತೆಯ ದಿನ ನಾವಿಬ್ಬರೂ ಪೊಳ್ಳಾಚಿಗೆ ಹೋಗಿದ್ದೆವು. ಬೆಲ್ಲ ಕೊಂಡಾಯಿತು, ವಾಪಸ್ ಬಸ್ಸು ಸಾಯಂಕಾಲಕ್ಕೆ. ಅಲ್ಲಿಯ ಶಾಲೆಯಲ್ಲಿ ಕೊಯಮತ್ತೂರಿನಿಂದ ಬಂದ ಒಬ್ಬ ವಿಜ್ಞಾನದ ಮೇಷ್ಟ್ರು ಭಾಷಣ ಮಾಡುತ್ತಾರೆ, ಗಾಜಿನ ಚಿತ್ರಗಳನ್ನು ದೀಪದಿಂದ ಗೋಡೆಯ ಮೇಲೆ ತೋರಿಸುತ್ತಾರೆ, ಹೆಂಗಸರಿಗೂ ಜಾಗ ಇದೆ ಎಂದು ಬಾಗಿಲಲ್ಲಿ ಬರೆದಿತ್ತು. ನಾನು ಓದು ಬಲ್ಲವನು, ಕೋಟು ಹಾಕಿದವನು. ಹೆಂಡತಿಗೆ ನನ್ನ ತಿಳುವಳಿಕೆ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು ಎಂದು ಒಳಗೆ ಹೋದೆ. ಅವಳು ಬೆಲ್ಲದ ಗಂಟಿನ ಜೊತೆ ಹೆಂಗಸರ ಬೆಂಚಿನಲ್ಲಿ ಕೂತಳು. ನಾನು ಮುಂದೆ.

ಕಿಟಕಿಗಳನ್ನು ಮುಚ್ಚಿದರು. ಗೋಡೆಯ ಮೇಲೆ ಮಂಗಳ ಬಂದ, ಒಂದು ಕೆಂಪು ಕುಂಕುಮದ ಬೊಟ್ಟು. ಅಲ್ಲಿ ಕಾಲುವೆಗಳಿವೆ ಎಂದು ಹಿಂದೆ ಕೆಲವರು ನಂಬಿದ್ದರಂತೆ, ಈಗ ನಂಬುವವರು ಕಡಿಮೆಯಂತೆ. ಆಮೇಲೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಒಂದು ಚಿತ್ರ. ಅದರಲ್ಲಿ ಅಲ್ಲಲ್ಲಿ ಸಣ್ಣ ಕಪ್ಪು ಗೆರೆ. ನೇಕಾರನ ಕಣ್ಣಿಗೆ ಅದು ಎಳೆ ಬಿಟ್ಟುಹೋದ ಸೀರೆಯಂತೆಯೇ ಕಂಡಿತು. ಬೆಳಕು ಬರುವ ದಾರಿಯಲ್ಲಿ ನೀರಿನ ಆವಿ ಇದ್ದರೆ ಅದು ತನ್ನ ಪಾಲಿನ ಕೆಲವು ಎಳೆಗಳನ್ನು ಕಿತ್ತುಕೊಳ್ಳುತ್ತದೆ, ಗೆರೆ ನೋಡಿ ನೀರಿದೆ ಎಂದು ಹೇಳಬಹುದು ಎಂದರು ಮೇಷ್ಟ್ರು. ಮಂಗಳನ ಬೆಳಕಿನಲ್ಲಿಯೂ ಆ ಗೆರೆಗಳಿವೆ ಎಂದರು. ನಾನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿದೆ.

ಆಗ ಹಿಂದಿನಿಂದ ಒಂದು ಹೆಣ್ಣುದನಿ. ತಮಿಳು, ಆದರೆ ಕೊಳ್ಳೇಗಾಲದ ವಾಸನೆಯ ತಮಿಳು. ತಿರುಗಿ ನೋಡುವ ಮುಂಚೆಯೇ ನನ್ನ ಕಿವಿ ಬಿಸಿಯಾಯಿತು. ಆ ಬೆಳಕು ನಮ್ಮ ಗಾಳಿಯ ಒಳಗಿಂದಲೇ ಬರುತ್ತದಲ್ಲವೇ, ನಮ್ಮ ಗಾಳಿಯಲ್ಲಿಯೂ ಪಸೆ ಇದೆಯಲ್ಲವೇ ಎಂದು ಕೇಳಿದಳು. ಹಾಗಾದರೆ ಕಾಣುವ ನೀರು ಅದರದ್ದೋ ನಮ್ಮದೋ ಎಂದು ಹೇಗೆ ಹೇಳುತ್ತೀರಿ? ಹಾಲ್ ತುಂಬ ತಲೆಗಳು ತಿರುಗಿದವು. ಅವಳು ನನ್ನವಳಲ್ಲ ಎನ್ನುವಂತೆ ನಾನು ಗೋಡೆಯ ಕಡೆ ನೋಡುತ್ತ ಕೂತೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮೇಷ್ಟ್ರು ಚಿತ್ರ ತೋರಿಸುತ್ತಿದ್ದ ಕೋಲು ಕೆಳಗಿಟ್ಟರು. ಇದೇ ಪ್ರಶ್ನೆ ದೊಡ್ಡ ದೊಡ್ಡ ವಿದ್ವಾಂಸರನ್ನು ಎಷ್ಟೋ ವರ್ಷ ಕಾಡಿದೆ, ನೀರು ಸಿಕ್ಕಿತು ಎಂದು ಹೇಳಿದ ಕೆಲವರು ಇದರಲ್ಲೇ ಎಡವಿದ್ದಾರೆ ಎಂದರು. ಅದಕ್ಕೆ ಅವರು ಕಂಡುಕೊಂಡ ಉಪಾಯವನ್ನೂ ಹೇಳಿದರು. ಚಂದ್ರನಲ್ಲಿ ನೀರಿಲ್ಲ, ಗಾಳಿಯೂ ಇಲ್ಲ. ಅಮೆರಿಕದಲ್ಲಿ ಒಣ ಹವೆಯ ಬೆಟ್ಟದ ಮೇಲೆ ನಿಂತು, ಚಂದ್ರ ಮಂಗಳ ಎರಡೂ ಒಂದೇ ಎತ್ತರದಲ್ಲಿರುವಾಗ ಎರಡರ ಬೆಳಕನ್ನೂ ಬಿಡಿಸಿ ಪಕ್ಕಪಕ್ಕದಲ್ಲಿ ಇಡುತ್ತಾರೆ. ನಮ್ಮ ಗಾಳಿಯ ನೀರು ಎರಡಕ್ಕೂ ಸಮ. ಮಂಗಳನಲ್ಲಿ ಗೆರೆ ಹೆಚ್ಚು ಕಪ್ಪಾಗಿ ಕಂಡರೆ ಆ ಹೆಚ್ಚಿನದು ಮಾತ್ರ ಮಂಗಳನದು. ಹಾಗೆ ಹೆಚ್ಚಿನದು ಸಿಕ್ಕಿತೇ ಎಂದು ಅವಳು ಕೇಳಿದಳು. ನಂಬಿ ಹೇಳುವಷ್ಟು ಇನ್ನೂ ಸಿಕ್ಕಿಲ್ಲ, ಹುಡುಕುತ್ತಲೇ ಇದ್ದಾರೆ ಎಂದರು ಮೇಷ್ಟ್ರು.

ಬಸ್ಸಿನಲ್ಲಿ ಅವಳು ಬೆಲ್ಲದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಷ್ಟೆಲ್ಲ ಮಾಡಿಯೂ ಸಿಕ್ಕಿಲ್ಲವಂತಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

“ಸಿಕ್ಕಿಲ್ಲ ಅಂತ ಒಪ್ಕಂಡ್ರಲ್ಲ,” ಅಂದಳು. “ಮೊದ್ಲು ತಮ್ ಕೈ ನೋಡ್ಕಂಡವ್ರು ಅವ್ರು.”

ಮನೆಗೆ ಬಂದವಳೇ ಒಂದು ಲಡಿ ಹಾಸುನೂಲಿಗೆ ಗಂಜಿ ಹಾಕಿ, ಒಲೆಯ ಪಕ್ಕ ಪೂರಾ ಒಣಗಿಸಿ, ಹಿತ್ತಾಳೆ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿದಳು. ಮುಂದಿನ ಪಾವಿಗೆ ತನ್ನನ್ನೂ ಬೆರಳಿಡಲು ಬಿಡಬೇಕು ಎಂದು ಅವ್ವನನ್ನು ಕೇಳಿದಳು. ನಾನು ಅವ್ವ ಬೈಯುತ್ತಾಳೆ ಎಂದುಕೊಂಡೆ. ಅವ್ವ ಬೈಯಲಿಲ್ಲ, ಆಗಲಿ ಅಂದಳು.

ದೀಪಾವಳಿ ಬರುವ ಐಪಸಿ ತಿಂಗಳ ಮೋಡದ ಬೆಳಿಗ್ಗೆ ಅದು. ಬಿಸಿಲು ಬಂದಂತೆ, ಹೋದಂತೆ. ಸುದ್ದಿ ಹೇಗೋ ಹಬ್ಬಿ ಅರ್ಧ ಬೀದಿ ಜಗುಲಿಯಲ್ಲಿ ನಿಂತಿತ್ತು. ಇನ್ನೊಂದು ಪಾವು ಕೆಟ್ಟರೆ ಅವಳು ಆ ಬೀದಿಯಲ್ಲಿ ಮತ್ತೆಂದೂ ನೂಲಿಗೆ ಕೈ ಇಡುವಂತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಅವ್ವ ಬೆರಳಿಟ್ಟು ‘ಸುತ್ತಿ’ ಅಂದಳು. ನಮ್ಮಾಕೆ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ಒಣ ಲಡಿಯನ್ನು ಮುಟ್ಟಿದಳು, ಅದೇ ಬೆರಳಿನಿಂದ ಪಾವನ್ನು ಮುಟ್ಟಿದಳು. ಮತ್ತೆ ಲಡಿ, ಮತ್ತೆ ಪಾವು. ಕೈಯ ಪಸೆ ಎರಡಕ್ಕೂ ಸಮ.

“ಇನ್ನೂ ಅದ ಅತ್ತೆ,” ಅಂದಳು. “ಚೂರು ತಡೀರಿ.”

ಹೋದ ಸಲವೂ ಹೀಗೇ ಅಂದಿದ್ದಳಲ್ಲ ಎಂದು ಯಾರೋ ಗೊಣಗಿದರು. ನಾನು ಅವ್ವನ ಕಡೆ ನೋಡಿದೆ. ಅವ್ವ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದಳು. ಕಾದೆವು. ನಮ್ಮಾಕೆ ಲಡಿ ಮುಟ್ಟಿದಳು, ಪಾವು ಮುಟ್ಟಿದಳು, ಇನ್ನೊಮ್ಮೆ ಕಾಯಿಸಿದಳು. ಮೂರನೆಯ ಸಲಕ್ಕೆ ಸುತ್ತಿ ಎಂದಳು.

ಆ ಪಾವನ್ನೂ ನಾನೇ ನೇಯ್ದೆ. ಅವ್ವ ದಿನವೂ ಬಂದು ಮಗ್ಗದ ಹತ್ತಿರ ಗೋಡೆಗೆ ಒರಗಿ ಕೂರುತ್ತಿದ್ದಳು. ಬಟ್ಟೆ ನೋಡುತ್ತಿರಲಿಲ್ಲ, ಸದ್ದು ಕೇಳುತ್ತಿದ್ದಳು. ಎಳೆ ಹರಿದರೆ ಸದ್ದು ನಿಲ್ಲಬೇಕಲ್ಲ. ಲಾಳಿ ಹೋಗುತ್ತಿತ್ತು, ಬರುತ್ತಿತ್ತು, ಸದ್ದು ನಿಲ್ಲುತ್ತಿರಲಿಲ್ಲ. ಅಷ್ಟು ಒಳ್ಳೆಯ ಹಾಸನ್ನು ನಾನು ಅದಕ್ಕೆ ಮೊದಲು ನೇಯ್ದಿರಲಿಲ್ಲ. ಮಗ್ಗದಿಂದ ಸೀರೆ ಇಳಿಸುವ ದಿನ ಅವ್ವ ಸೊಸೆಯನ್ನು ಕರೆದು, ಅವಳ ಒದ್ದೆ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನನ್ ಬೆರಳು ಮರಗಟ್ಟಿ ಎರಡು ವರ್ಷ ಆಯ್ತು, ಕಣ್ಣು. ಬಿಸಿಲ್ ನೋಡಿ ಅಂದಾಜಲ್ಲಿ ಸೊಲ್ತಾ ಇದ್ದೆ.”

ಹಾಗೆ ಅಂದಾಜಿನಲ್ಲಿ ಹೇಳುತ್ತಿದ್ದುದನ್ನು ಅವ್ವ ಎರಡು ವರ್ಷ ಯಾರಿಗೂ ತಿಳಿಸದೆ ಒಬ್ಬಳೇ ಹೊತ್ತುಕೊಂಡಿದ್ದಳು. ಮರುದಿನ ಪಕ್ಕದ ಮನೆಯವರು ಪಾವು ನೋಡಲು ಕರೆದಾಗ ಅವಳು ಜಗುಲಿಯಿಂದ ಏಳಲಿಲ್ಲ. ಇನ್ನು ಮೇಲೆ ನನ್ನ ಸೊಸೆಯನ್ನು ಕರೆಯಿರಿ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ನಮ್ಮಾಕೆ ಡಬ್ಬಿ ಹಿಡಿದು ಹೊರಟಳು. ಸ್ವಲ್ಪ ತಡಮಾಡಿಯೇ ಹೊರಟಳು, ಅದನ್ನೂ ಅವ್ವನಿಂದ ಕಲಿತಿದ್ದಳು. ನನಗೆ ಆ ದಿನ ಆದ ಹೆಮ್ಮೆಯನ್ನು ಮುಚ್ಚಿಟ್ಟು ಏನು ಪ್ರಯೋಜನ? ಪೊಳ್ಳಾಚಿಯಲ್ಲಿ ಗೋಡೆ ನೋಡುತ್ತ ಕೂತವನೇ ಬೀದಿಯಲ್ಲಿ ಕಂಡಕಂಡವರಿಗೆ, ಅಮೆರಿಕದ ಬೆಟ್ಟದ ಮೇಲಿರುವವರೂ ನಮ್ಮ ಮನೆಯವರೂ ನೀರು ಹುಡುಕುವುದು ಒಂದೇ ಥರ ಎಂದು ಹೇಳುತ್ತ ತಿರುಗಿದೆ.

ಆ ಒಣ ಲಡಿಗೆ ನಮ್ಮ ಮನೆಯಲ್ಲಿ ‘ಚಂದ್ರ’ ಎಂದೇ ಹೆಸರಾಯಿತು. ಚಂದ್ರನನ್ನು ತಾ, ಚಂದ್ರನ ಮುಚ್ಚಳ ಹಾಕು ಎಂಬ ಮಾತು ಕೇಳಿ ಬಂದ ನೆಂಟರು ಗಾಬರಿಯಾಗುತ್ತಿದ್ದರು. ಕೆಲವು ವರ್ಷದಲ್ಲಿ ಬೀದಿಯ ಬೇರೆ ಮನೆಗಳಲ್ಲೂ ಒಂದೊಂದು ಚಂದ್ರ ಹುಟ್ಟಿದ. ಈಗ ಪಾವಿಗೆ ಗಂಜಿ ಯಂತ್ರದಲ್ಲೇ ಆಗಿ ಬರುತ್ತದೆ. ಡಬ್ಬಿಯಲ್ಲಿ ಸಾಸಿವೆ ಇದೆ.

ಮೊನ್ನೆ ಪತ್ರಿಕೆಯ ಸುದ್ದಿಯನ್ನು ಅವಳಿಗೆ ಓದಿ ಹೇಳಿದೆ. ಅಂತೂ ಸಿಕ್ಕಿತು ನೋಡು ಎಂದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈ ನಿಲ್ಲಿಸಿದಳು.

“ಆ ಯಂತ್ರಕ್ಕೆ ಇಲ್ಲೀ ಪಸೆ ಅಂಟ್ಕಂಡು ಹೋಗಿಲ್ಲ ತಾನೆ?” ಎಂದು ಕೇಳಿದಳು.

ಪತ್ರಿಕೆಯನ್ನು ಮತ್ತೆ ಮೊದಲಿನಿಂದ ಓದಿದೆ. ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೇಳಬೇಕಾದವರು ಕೇಳಿಯೇ ಇರುತ್ತಾರೆ ಎಂದು ನಾನು ಹೇಳಿದೆ. ಕೇಳಿದ್ದರೆ ಸರಿ ಎಂದಳು, ಎದ್ದೇಳಲು ನನ್ನ ಕಡೆ ಕೈ ಚಾಚಿದಳು. ಮಂಡಿನೋವು, ಈಚೆಗೆ ಒಬ್ಬಳೇ ಏಳಲಾರಳು. ಹಿಡಿದು ಎಬ್ಬಿಸಿದೆ. ಅಂಗೈ ಧಾರೆಯ ದಿನದಷ್ಟೇ ಒದ್ದೆಯಾಗಿತ್ತು. ಎದ್ದು ನಿಂತವಳು ಕೈ ಬಿಟ್ಟು, ಅಡುಗೆಮನೆಗೆ ಹೋಗದೆ, ಒಂದು ಗಳಿಗೆ ಅಲ್ಲೇ ನಿಂತು ನನ್ನ ಪಂಚೆಯನ್ನೇ ನೋಡಿದಳು. ಧಾರೆಯ ದಿನ ಅವಳು ನೋಡಿದ್ದಳೆಂದೂ, ಇಷ್ಟು ವರ್ಷವೂ ಪ್ರತಿ ಸಲ ಹಾಗೆಯೇ ನೋಡುತ್ತಿದ್ದಳೆಂದೂ ನನಗೆ ಆಗ ಗೊತ್ತಾಯಿತು. ನಾನು ಕೈ ಒರೆಸಿಕೊಳ್ಳಲಿಲ್ಲ. ಗಂಜಿಯ ವಾಸನೆಯ ಆ ಬಿಸಿಲಿನಲ್ಲಿ ಅದು ತಾನಾಗಿ ಆರುವವರೆಗೂ ಅಂಗೈ ಬಿಚ್ಚಿಕೊಂಡು ಕೂತಿದ್ದೆ.