ಚೀಲದಮ್ಮನ ಬೀಗ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಚೀಲದಮ್ಮ. ಚರ್ಮದ ಚೀಲ ಹೊಲಿಯುವುದು, ಹರಿದು ಬಂದದ್ದನ್ನು ಸರಿಮಾಡುವುದು ಅವಳ ಕಸುಬು, ಅದು ಅಮ್ಮನಿಂದ ಬಂದದ್ದು. ಟೈಲರ್ ಅಂಗಡಿಗೂ ಗಡಿಯಾರ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಅವಳ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ಉಸಿರಾಡಲು ಹೊರಗೆ ಹೋಗಬೇಕು. ಬಂದ ಗಿರಾಕಿಯನ್ನು ಮೊದಲು ನಾಲ್ಕು ಮಾತು ಬೈಯುವುದು ಅವಳ ಪದ್ಧತಿ. “ಇದೇನು ಚೀಲಾನೋ, ಗೋಡೌನೋ? ಇಷ್ಟು ತುಂಬಿದ್ರೆ ಹರೀದೆ ಇನ್ನೇನಾಗುತ್ತೆ?” ಬೈಸಿಕೊಂಡವರು ಮತ್ತೆ ಅವಳಲ್ಲಿಗೇ ಬರುತ್ತಿದ್ದರು. ಅವಳು ಹಾಕಿದ ಹೊಲಿಗೆ ಬಿಟ್ಟುಕೊಂಡದ್ದನ್ನು ಕಂಡವರಿಲ್ಲ.

ಉಳಿ, ದಬ್ಬಳ, ಚರ್ಮ ಕೊಯ್ಯುವ ಕತ್ತಿ ಎಲ್ಲವೂ ಮೂಲೆಯ ಮರದ ಪೆಟ್ಟಿಗೆಯಲ್ಲಿ. ಅದಕ್ಕೊಂದು ಕೀಲಿಕೈ ಇಲ್ಲದ ಹಳೇ ಹಿತ್ತಾಳೆ ಬೀಗ. ಕೊಳವೆಯಂಥ ಮೈ, ಅದರ ಸುತ್ತ ತಿರುಗುವ ನಾಲ್ಕು ಉಂಗುರ, ಉಂಗುರಗಳ ಮೇಲೆ ಯಾವ ದೇಶದ್ದೋ ಉಬ್ಬಿದ ಅಕ್ಷರ. ನಾಲ್ಕೂ ಸರಿಯಾದ ಜಾಗದಲ್ಲಿ ನಿಂತರೆ ಕೊಂಡಿ ಕಳಚುತ್ತದೆ, ಇಲ್ಲದಿದ್ದರೆ ಆನೆ ಕಟ್ಟಿ ಎಳೆದರೂ ಬರುವುದಿಲ್ಲ. ಅದನ್ನು ತೆಗೆಯುವ ಗುಟ್ಟು ಚೀಲದಮ್ಮನೊಬ್ಬಳಿಗೇ ಗೊತ್ತು. ಹೆತ್ತ ಮಗನಿಗೂ ಹೇಳಿರಲಿಲ್ಲ.

ಮಗನಿಗೆ ಅದರ ಗೊಡವೆಯೂ ಬೇಕಿರಲಿಲ್ಲ, ಅವನದು ಗ್ಯಾರೇಜಿನ ಕೆಲಸ. ಆಸೆ ಇದ್ದದ್ದು ಸೊಸೆಗೆ. ಮದುವೆಯಾಗಿ ಬಂದ ಕೆಲವೇ ದಿನಕ್ಕೆ ಅತ್ತೆಯ ಬೆನ್ನು ಹತ್ತಿ ಅಂಗಡಿಗೆ ಬಂದವಳು, ಇನ್ನೂ ಕಸ ಗುಡಿಸುವುದು, ದಾರಕ್ಕೆ ಮೇಣ ಸವರುವುದು ಇಷ್ಟರಲ್ಲೇ ಇದ್ದಳು. ಉಳಿ ಯಾವಾಗ ಕೈಗೆ ಕೊಡ್ತೀರಿ ಎಂದು ಕೇಳಿದರೆ ಅತ್ತೆಯದು ಒಂದೇ ಉತ್ತರ: “ಕಾಲ ಬರ್ಲಿ.” ಆ ಕಾಲ ಯಾವ ಬಸ್ಸು ಹತ್ತಿದೆಯೋ ಎಂದು ಸೊಸೆ ಒಳಗೊಳಗೇ ಗೊಣಗಿಕೊಳ್ಳುತ್ತಿದ್ದಳು.

ಒಂದು ಸಂಜೆ ಅತ್ತೆ, “ನಾನು ಮುಂದೆ ಹೋಗಿರ್ತೀನಿ. ಬೀಗ ಒತ್ತಿ, ಉಂಗುರ ತಿರುವಿಬಿಟ್ಟು ಬಾ” ಎಂದಳು. ಬೀಗ ತನ್ನ ಕೈಗೆ ಬಂದದ್ದು ಅದೇ ಮೊದಲು! ಸೊಸೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒತ್ತಿದಳು, ತಿರುವಿದಳು. ನೋಡಿದರೆ ಬೀಗದ ತುಂಬ ಎಂಥದೋ ಕಾಲದ ಕಿಲುಬು. ಎದುರಿನ ಟೀ ಅಂಗಡಿಯಿಂದ ನಿಂಬೆಹೋಳು, ಬೂದಿ ತಂದು ಕೂತಲ್ಲೇ ತಿಕ್ಕಿದಳು. ಒಂದೊಂದು ಅಕ್ಷರದ ಸಂದಿಗೂ ಉಗುರು ಹಾಕಿ ಕೊಳೆ ಕೆರೆದಳು. ಬೀಗ ಹೊಸ ಮದುಮಗನಂತೆ ಫಳಫಳ ಹೊಳೆಯಿತು.

ಬೆಳಿಗ್ಗೆ ಅತ್ತೆ ಬೀಗದ ಮುಂದೆ ಕೂತವಳು ಏಳಲಿಲ್ಲ. ಉಂಗುರಗಳನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

“ಇದರ ಕಪ್ಪುಗೆರೆ ಏನಾಯ್ತೇ?”

“ಯಾವ ಗೆರೆ ಅತ್ತೆ?”

ಅಕ್ಷರ ಚೀಲದಮ್ಮನಿಗೆಲ್ಲಿ ಗೊತ್ತಿತ್ತು! ಅವಳಮ್ಮ ಉಂಗುರಗಳ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೀರು ಎಳೆದುಕೊಟ್ಟಿದ್ದಳು. ಗೀರಿನ ತುಂಬ ಕೊಳೆ ಕೂತು ಕೂದಲೆಳೆಯಂಥ ಕಪ್ಪುಗೆರೆಯಾಗಿತ್ತು. ಗೆರೆ ನೆಟ್ಟಗೆ ಬಂದರೆ ಬೀಗ ತೆಗೆದಂತೆ. ಗೀರು ಸವೆದು ಹೋಗಿ ಬಹಳ ಕಾಲವಾಗಿತ್ತು, ಉಳಿದಿದ್ದದ್ದು ಕೊಳೆಯೊಂದೇ. ಆ ಕೊಳೆಯನ್ನು ಸೊಸೆ ನಿಂಬೆಹಣ್ಣು ಹಾಕಿ ತೊಳೆದಿದ್ದಳು.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಊರನ್ನೆಲ್ಲ ಬೈಯುವವಳು ಮತ್ತೆ ಉಂಗುರಗಳನ್ನೇ ತಿರುಗಿಸುತ್ತ ಕೂತಳು. ಇನ್ನು ಉಳಿಯೂ ಇಲ್ಲ, ಹೊಲಿಗೆಯೂ ಇಲ್ಲ, ಸಾಯುವ ತನಕ ತಾನು ಬೀಗ ತಿಕ್ಕಿದ ಸೊಸೆಯೇ ಎಂದು ಅವಳಿಗೆ ಅಳು ಬಂತು.

ಸುದ್ದಿ ಕೇಳಿ ಮಗ ಗ್ಯಾರೇಜಿನಿಂದ ಗರಗಸ ಹಿಡಿದೇ ಬಂದ. “ಬಿಡಮ್ಮ, ಎರಡು ನಿಮಿಷದ ಕೆಲ್ಸ. ಕುಯ್ದು ಬಿಸಾಕ್ತೀನಿ.”

“ಅದಕ್ಕೆ ಮುಂಚೆ ನನ್ನ ಕೈ ಕುಯ್ಯಿ. ನಮ್ಮಮ್ಮ ಕೊಟ್ಟಿದ್ದು ಅದೊಂದೇ.”

ಮಗ ಗರಗಸವನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಾಗಿಲಲ್ಲೇ ನಿಂತ. ಅಷ್ಟರಲ್ಲಿ ಅಂಚೆಯವನು ಬಂದ. ರಿಪೇರಿಗೆ ಕೊಟ್ಟಿದ್ದ ಚೀಲ ಅವನಿಗೆ ಅವತ್ತೇ ಬೇಕಿತ್ತು. ಆಗಿಲ್ಲ, ಹೀಗೆ ಹೀಗಾಗಿದೆ ಎಂದು ಸೊಸೆಯೇ ಕಣ್ಣೊರೆಸಿಕೊಂಡು ಹೇಳಿದಳು.

“ಪರವಾಗಿಲ್ಲ ಬಿಡಿ, ಹಳೇದು ಇದ್ಯಲ್ಲ” ಎಂದು ಅವನು ಹೆಗಲ ಮೇಲಿದ್ದ ಚೀಲ ತಟ್ಟಿದ. “ಇದೂ ಅಮ್ಮಂದೇ ಕೈಕೆಲಸ. ಯಾರೋ ಒಬ್ಬ ಇದು ಡೂಪ್ಲಿಕೇಟು ಅಂದ. ಪಟ್ಟಿ ತಿರುಗಿಸಿ ಸೀಲು ತೋರಿಸ್ದೆ, ಬಾಯಿ ಮುಚ್ಕೊಂಡ.”

“ಸೀಲಾ? ನಾನು ಯಾವ ಸೀಲೂ ಹಾಕಲ್ಲಪ್ಪ” ಎಂದಳು ಚೀಲದಮ್ಮ.

“ಹಾಕಲ್ವಾ? ಮತ್ತೆ ಇದೇನು?” ಅವನು ಹೆಗಲಪಟ್ಟಿಯ ಬುಡ ಮಗುಚಿ ತೋರಿಸಿದ. ಹೊಲಿಗೆಯ ಪಕ್ಕ, ಚರ್ಮದಲ್ಲಿ ನಾಲ್ಕು ಸಣ್ಣ ತಗ್ಗು, ಸಾಲಾಗಿ.

ಚೀಲದಮ್ಮನಿಗೆ ಅದು ಎಂದೂ ಬರೀ ಭಾರ ಒತ್ತಿದ ಗುರುತು. ಪಟ್ಟಿಯನ್ನು ನೀರಲ್ಲಿ ನೆನೆಸಿ ಹೊಲಿಯುತ್ತಿದ್ದಳು, ಒಣಗುವಾಗ ಮುದುರದಂತೆ ಮೇಲೊಂದು ಭಾರ ಇಡುತ್ತಿದ್ದಳು. ಕೈಗೆಟಕುವ ಭಾರವೆಂದರೆ ತೆಗೆದಿಟ್ಟ ಬೀಗ. ಸೊಸೆ ಮಾತ್ರ ಬಗ್ಗಿ ನೋಡಿದವಳು ಹಾಗೇ ನಿಂತುಬಿಟ್ಟಳು. ಒಂದು ಕೊಕ್ಕೆ, ಒಂದು ಕವಲು, ಒಂದು ಅರ್ಧ ಬಳೆ, ಒಂದು ಗೂಟ. ಸಂದಿ ಸಂದಿಗೆ ಉಗುರು ಹಾಕಿ ತಿಕ್ಕಿದ ಕೈ ಆ ಅಕ್ಷರಗಳನ್ನು ಮರೆತೀತೇ?

“ಅತ್ತೆ, ಇದು ಬೀಗದ್ದೇ! ತೆಗೆದಿದ್ದಾಗಿನ ಗುರುತು!”

ಅಂಚೆಯವನ ಚೀಲವನ್ನು ಅವಳು ಕೇಳಿ ತೆಗೆದುಕೊಂಡಳೋ, ಕಿತ್ತುಕೊಂಡಳೋ! ಪೆಟ್ಟಿಗೆಯ ಮುಂದೆ ಕೂತು, ಪಟ್ಟಿಯನ್ನು ಬೀಗದ ಮೈಗೆ ಒತ್ತಿ ಹಿಡಿದು, ಒಂದೊಂದೇ ಉಂಗುರ ತಿರುಗಿಸಿದಳು. ಕೊಕ್ಕೆ ಕೊಕ್ಕೆಯ ತಗ್ಗಿಗೆ ಕೂತಿತು. ಕವಲು ಕೂತಿತು. ಅರ್ಧ ಬಳೆ ಕೂತಿತು. ಗೂಟ ಸ್ವಲ್ಪ ಸತಾಯಿಸಿ ಕೂತಿತು. ಅವಳು ಸರಿದು ಅತ್ತೆಗೆ ಜಾಗ ಬಿಟ್ಟಳು.

“ನೀನೇ ಎಳಿ” ಎಂದಳು ಅತ್ತೆ.

ಕೊಂಡಿ ಕಳಚಿ ಕೈಗೆ ಬಂತು.

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು” ಎಂದ ಅಂಚೆಯವನು. ಚೀಲದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗನಿಗೂ ಹೇಳದೆ ಕಾಪಾಡಿದ ಗುಟ್ಟು, ಇಷ್ಟು ವರ್ಷ ಊರಿನವರ ಹೆಗಲೇರಿ ಸಂತೆ ಸುತ್ತಿತ್ತು. “ಹೋಗೋ, ಗರಗಸ ಗ್ಯಾರೇಜಿಗೆ ಮುಟ್ಟಿಸಿ ಬಾ” ಎಂದು ಮಗನನ್ನು ಅಟ್ಟಿದಳು. ಆಮೇಲೆ ಪೆಟ್ಟಿಗೆಯಿಂದ ಉಳಿ ತೆಗೆದು ಸೊಸೆಯ ಕಡೆ ಚಾಚಿದಳು. “ಹಿಡಿ. ಅಂಚೆಯವನ ಚೀಲ ನೀನೇ ಹೊಲಿ. ವಕ್ರ ಬಂದ್ರೆ ಬಿಚ್ಚಿಸ್ತೀನಿ.”

ವಕ್ರ ಬಂತು. ಬಿಚ್ಚಿಸಿದಳು. ಮತ್ತೂ ಒಮ್ಮೆ ಬಿಚ್ಚಿಸಿ ಸಂಜೆಯ ಹೊತ್ತಿಗೆ ಸುಮ್ಮನಾದಳು. ಅವಳಲ್ಲಿ ಅದೇ ಶಹಬ್ಬಾಸ್.

ಮರುದಿನ ಬೆಳಿಗ್ಗೆ ಸೊಸೆ ಹೊರಟು ನಿಂತರೆ ಅತ್ತೆ ಇನ್ನೂ ಹೊದ್ದು ಮಲಗಿದ್ದಳು.

“ಮೈಗೆ ಹುಷಾರಿಲ್ವಾ ಅತ್ತೆ?”

“ಏನಾಗಿದೆ ನಂಗೆ? ನೀನು ಹೋಗಿ ತೆಗಿ. ನಾನು ನಿಧಾನಕ್ಕೆ ಬರ್ತೀನಿ.”

ಜ್ವರ ಬಂದಾಗಲೂ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಬೇರೆ ಯಾರಿಗೂ ಪೆಟ್ಟಿಗೆ ತೆಗೆಯಲು ಬಾರದ ಮೇಲೆ ಹೇಗೆ ಬಂದೀತು? ಸೊಸೆ ಹೊದಿಕೆಯ ಅಂಚು ಸರಿಮಾಡಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದಳು.

ಬಿಸಿಲು ಚುರುಕಾದ ಮೇಲೆ ಚೀಲದಮ್ಮ ತಲೆ ಬಾಚಿಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಅಂಗಡಿಗೆ ಬಂದಳು. ಅವಳ ಜಾಗದಲ್ಲಿ ಸೊಸೆ ಕೂತು ದಾರ ಎಳೆಯುತ್ತಿದ್ದಳು. ಏಳಲು ಹೋದವಳನ್ನು ಕೈಸನ್ನೆಯಲ್ಲೇ ಕೂರಿಸಿ, ಅತ್ತೆ ಗಿರಾಕಿಗಳ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಳು.

“ಏನಮ್ಮಾ, ರಿಪೇರಿನಾ?” ಎಂದಳು ಸೊಸೆ, ನಗು ತಡೆಯಲಾರದೆ.

“ಇಲ್ಲಮ್ಮ” ಎಂದಳು ಅತ್ತೆ. “ಸುಮ್ನೆ ಬಂದೆ.”