ಎಡಪಾದದ ಕಾವಲು

ಲಿಗರಿಯಾ ಎಂಬ ದ್ವೀಪದೂರಿನ ಗುಡ್ಡದ ಮೇಲೆ, ಪಾಳುಬಿದ್ದ ಹಳೆಯ ದೇವಿಯ ಗುಡಿಯ ಅಂಗಳದಲ್ಲಿ, ಕಲಿರೋಯಿ ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಕಾವಲುಗಾರ್ತಿಯಾಗಿದ್ದಳು. ಅವಳು ಕಾಯುತ್ತಿದ್ದದ್ದು ಮುಖ್ಯವಾಗಿ ಒಂದು ಪಾದವನ್ನು. ಅಮೃತಶಿಲೆಯ ಪೀಠ, ಅದರ ಮೇಲೆ ಹುಡುಗಿಯೊಬ್ಬಳ ಎಡಪಾದ. ಹರಡಿನಿಂದ ಮೇಲೆ ಬರೀ ಗಾಳಿ. ಉಳಿದ ಹುಡುಗಿ ಉತ್ತರದ ದೇಶವೊಂದರ ಮ್ಯೂಸಿಯಮ್ಮಿನಲ್ಲಿದ್ದಾಳೆಂದು ಊರಿನ ಮಕ್ಕಳಿಗೂ ಗೊತ್ತಿತ್ತು. ವಿದೇಶಿಯರು ಅವಳನ್ನು ದೋಣಿಗೆ ಹೇರಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವನು ಕಲಿರೋಯಿಯ ಅಪ್ಪ ಯಾಕುಮಿಸ್. ಪತ್ರಿಕೆಯಲ್ಲಿ ಬಂದ, ಎಡಪಾದವಿಲ್ಲದ ವಿಗ್ರಹದ ಚಿತ್ರದ ಮೇಲೆ ಬೆರಳಿಟ್ಟು "ಇವಳೇ ನಮ್ಮವಳು" ಎಂದವನೂ ಅವನೇ.

ಮದುವೆಯಾದ ಮೂರನೇ ವರ್ಷ ಕಲಿರೋಯಿಯ ಗಂಡ ಹಡಗಿನ ಕೆಲಸಕ್ಕೆಂದು ಹೋಗಿ, ಯಾವುದೋ ಬಂದರಿನಲ್ಲಿ ಬೇರೆ ಸಂಸಾರ ಹೂಡಿದ. ಮಕ್ಕಳಿರಲಿಲ್ಲ. ಬೆಳಗ್ಗೆ ಗೇಟು ತೆರೆದವಳು ಮೊದಲು ಮೆತ್ತನೆಯ ಬ್ರಷ್ಷಿನಿಂದ ಪಾದದ ಬೆರಳ ಸಂದಿಯ ಮಣ್ಣು ಸವರಿ ತೆಗೆಯುತ್ತಿದ್ದಳು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಒಬ್ಬಳೇ ಹೊರಟು, ಹಡಗು, ರೈಲು ಹಿಡಿದು ಆ ದೂರದ ಮ್ಯೂಸಿಯಮ್ಮಿಗೂ ಹೋಗಿಬಂದಳು. ಹುಡುಗಿಯ ಮುಂದೆ ನಿಂತು, "ಮನೆಗೆ ಬರ್ತೀಯಾ ಮಗಳೇ?" ಎಂದು ಮೆಲ್ಲಗೆ ಕೇಳಿ ಗಳಗಳನೆ ಅತ್ತಳು. ಹತ್ತಿರ ಹೋಗಬೇಡಿ ಎಂದು ಅಲ್ಲಿನ ಕಾವಲಿನವನು ಏನೋ ಹೇಳಿದ. ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ದಿನವೂ ತಾನೇ ಆಡುವ ದನಿ.

ಅಥೆನ್ಸಿನಿಂದ ಇಸ್ಮಿನಿ ಎಂಬ ಸಂಶೋಧಕಿ ಕ್ಯಾಮೆರಾಗಳೊಂದಿಗೆ ಬಂದಾಗ ಕಲಿರೋಯಿಗೆ ಅರವತ್ತೆರಡು. ಊರು ಬಿಟ್ಟುಹೋದ ವಿಗ್ರಹಗಳನ್ನು ಕಂಪ್ಯೂಟರಿನಲ್ಲಿ ಅವುಗಳ ಮೂಲ ಜಾಗಕ್ಕೆ ಜೋಡಿಸುವುದು ಅವಳ ಕೆಲಸ.

"ಫೋನ್ ಹಿಡಿದ್ರೆ ಸಾಕು ಕಿರಾ ಕಲಿರೋಯಿ, ಈ ಪಾದದ ಮೇಲೇ ನಿಂತಿರೋ ಹಾಗೆ ಕಾಣ್ತಾಳೆ," ಎಂದಳು ಇಸ್ಮಿನಿ. ಹಿರಿಯ ಹೆಂಗಸರನ್ನು ಅಲ್ಲಿ 'ಕಿರಾ' ಎಂದೇ ಕರೆಯುವುದು.

ಫಲಿತಾಂಶ ತೋರಿಸುವ ದಿನ ಕಲಿರೋಯಿ ಹೊಸ ರವಿಕೆ ತೊಟ್ಟು, ಚೀಸಿನ ಕಡುಬು ಬೇಯಿಸಿಕೊಂಡು ಹೊರಟಳು. ಕಾಫಿ ಅಂಗಡಿಯ ಜಾನಿಸ್ ಕಂಡು, "ಏನಮ್ಮ, ಮಗಳ ನಿಶ್ಚಿತಾರ್ಥನಾ?" ಎಂದ.

"ಹೂಂ. ನಿನ್ನ ಕರೆದಿಲ್ಲ, ಬರಬೇಡ."

ಕಾವಲಿನ ಕೋಣೆಯಲ್ಲಿ ಇಸ್ಮಿನಿ ಕಡುಬು ಮುಟ್ಟಲಿಲ್ಲ. ಪರದೆಯ ಮೇಲೆ ಮ್ಯೂಸಿಯಮ್ಮಿನ ಹುಡುಗಿಯ ಮುರಿದ ಕಾಲು ಮೆಲ್ಲನೆ ಇಳಿದು ಪಾದದ ಹತ್ತಿರ ಬಂತು. ಕೂಡಲಿಲ್ಲ. ಹರಡಿನ ದಪ್ಪವೇ ಬೇರೆ, ಮುರಿದ ಅಂಚೇ ಬೇರೆ, ಕಲ್ಲಿನ ಕಣವೂ ಬೇರೆ.

"ಇನ್ನೊಂದ್ಸಲ ನೋಡವ್ವ," ಎಂದಳು ಕಲಿರೋಯಿ.

"ಏಳು ಸಲ ನೋಡಿದೀನಿ. ಇವಳು ಈ ಊರಿನವಳಲ್ಲ."

ಯಾಕುಮಿಸ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವನ ತಂಗಿ ಮರೂಸೊ, ಎಂಬತ್ತೆಂಟರ ಮುದುಕಿ, ತನ್ನ ಮನೆಯ ಹೊಸ್ತಿಲ ಮೇಲೆ ಕೂತು ಕಾಳು ಬಿಡಿಸುತ್ತಿದ್ದಳು. ಕಲಿರೋಯಿ ನಿಂತೇ ಕೇಳಿದಳು:

"ಅತ್ತೆ, ಅಪ್ಪ ಆ ದೋಣಿ ನೋಡಿದ್ದು ನಿಜಾನಾ?"

ಮುದುಕಿ ಉಳಿದ ಕಾಳನ್ನೆಲ್ಲ ಬಿಡಿಸಿ ಬುಟ್ಟಿ ಖಾಲಿಮಾಡಿದಳು.

"ಸುಟ್ವಿ ಕಣೆ ಅವಳನ್ನ. ಸುಣ್ಣದ ಗೂಡಲ್ಲಿ," ಎಂದಳು ಆಮೇಲೆ. "ಮನೆ ಇಲ್ಲದವನಿಗೆ ಹೆಣ್ಣು ಕೊಡಲ್ಲ ಅಂದಿದ್ದ ನಿಮ್ಮಮ್ಮನ ಅಪ್ಪ. ಗೋಡೆಗೆ ಸುಣ್ಣ ಬೇಕಿತ್ತು, ಆ ಕಲ್ಲು ಸುಟ್ರೆ ಒಳ್ಳೇ ಸುಣ್ಣ. ನಾನೂ ಸುತ್ತಿಗೆ ಹಿಡಿದೆ. ಹಿಂದಿನೋರು ಪಾದಕ್ಕೆ ಸೀಸ ಹೊಯ್ದು ಪೀಠದಲ್ಲಿ ಕೂರಿಸಿದ್ರು, ಅದು ಕಿತ್ತು ಬರ್ಲಿಲ್ಲ."

"ಮತ್ತೆ ಪೇಪರಿನ ಚಿತ್ರ?"

"ವಿಗ್ರಹ ಎಲ್ಲಿ ಅಂತ ಸರ್ಕಾರದ ಸಾಹೇಬರು ಬಂದು ಕೇಳ್ದಾಗ ನಿಮ್ಮಪ್ಪ ದೋಣಿ ಕತೆ ಕಟ್ಟಿದ್ದ. ವರ್ಷಗಟ್ಲೆ ಆದ್ಮೇಲೆ ಆ ಚಿತ್ರ ಬಂತು. ನೋಡಿ ಅತ್ತುಬಿಟ್ಟ. 'ಬದುಕಿದಾಳೆ ಮರೂಸೊ' ಅಂದ. ಕೊನೆಕೊನೆಗೆ ಅವನೇ ನಂಬಿದ್ದ. ನೀನು ಯಾರ ಹತ್ರಾನೂ ಬಾಯಿ ಬಿಡಬೇಡ."

ಕಲಿರೋಯಿ ಮನೆಗೆ ಬಂದಳು, ಒಳಗೆ ಹೋಗಲಾಗಲಿಲ್ಲ. ಅವಳು ಹುಟ್ಟಿದ್ದು ಆ ಗೋಡೆಗಳ ನಡುವೆ. ಬಾಗಿಲ ಪಕ್ಕದ ಗೋಡೆಗೆ ಒರಗಲು ಹೋಗಿ ಥಟ್ಟನೆ ಸರಿದು, ಮೆಟ್ಟಿಲ ಮೇಲೆ ಕೂತಳು.

ಮೂರು ದಿನ ಬಂದವರಿಗೆಲ್ಲ ಸುಮ್ಮನೆ ಟಿಕೇಟು ಹರಿದುಕೊಟ್ಟಳು. ಪಾದ ಯಾರದ್ದೆಂದು ಕೇಳಿದವರಿಗೆ ಗೇಟು ಮುಚ್ಚುವ ಹೊತ್ತು ಹೇಳಿದಳು. ನಾಲ್ಕನೇ ದಿನ ಇಸ್ಮಿನಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು.

ಸುದ್ದಿ ಹಬ್ಬಿತು. ಊರು ಅದನ್ನು ಕ್ಷಮಿಸಲಿಲ್ಲ. ಹುಡುಗಿಯನ್ನು ವಾಪಸು ಕೊಡಿ ಎಂದು ನಲವತ್ತು ವರ್ಷ ಅರ್ಜಿ ಬರೆದ ಊರು. "ಕಲ್ಲಿಗೋಸ್ಕರ ಸತ್ತ ಅಪ್ಪನ ಮಾನ ತೆಗೆದ್ಯಲ್ಲ," ಎಂದ ಜಾನಿಸ್, ಅವಳ ಮುಂದೆ ಕಾಫಿ ಕುಕ್ಕಿ. ಆಮೇಲೆ ಅವಳೂ ಅಂಗಡಿಗೆ ಹೋಗುವುದನ್ನು ಬಿಟ್ಟಳು.

ಮರುವರ್ಷ ಮ್ಯೂಸಿಯಮ್ಮಿನ ಹುಡುಗಿಗೆ ಅವಳ ಜಾಗ ಸಿಕ್ಕಿತು, ಬೇರೊಂದು ದ್ವೀಪದಲ್ಲಿ. ಇಸ್ಮಿನಿ ವಿಡಿಯೊ ಕಳಿಸಿದಳು: ಫೋನಿನ ಪರದೆಯಲ್ಲಿ, ಮುಳ್ಳುಗಿಡಗಳ ನಡುವೆ, ತನ್ನದೇ ಎಡಪಾದವಿದ್ದ ಪೀಠದ ಮೇಲೆ ಪೂರ್ತಿಯಾಗಿ ನಿಂತ ಹುಡುಗಿ, ಸುತ್ತ ಚಪ್ಪಾಳೆ ತಟ್ಟುವ ಜನ.

"ನೋಡಿದ್ರಾ, ಕಿರಾ?" ಎಂದು ಫೋನಿನಲ್ಲಿ ಕೇಳಿದಳು.

"ನೋಡ್ದೆ. ಅವರ ಮಗಳು ಅವರಿಗೆ ಸಿಕ್ಕಿದ್ಲು, ಒಳ್ಳೇದಾಯ್ತು." ಕಲಿರೋಯಿ ಮೆಟ್ಟಿಲ ಮೇಲೆ ಕೂತಳು. "ನಾನು ಅವಳ ಮುಂದೆ ಅಷ್ಟು ಅತ್ತೆ. ಅವಳಿಗೇನು ಅನ್ನಿಸಿತ್ತೋ."

ಇಸ್ಮಿನಿ ಸುಟ್ಟುಹೋದವಳ ಬಗ್ಗೆ ಅತ್ತೆಗೆ ನೆನಪಿರುವುದನ್ನೆಲ್ಲ ಕೇಳಿ ಬರೆದುಕೊಳ್ಳಲು ಹೇಳಿದಳು. ಅಷ್ಟರಿಂದಲೇ ಒಂದು ರೂಪ ಕಟ್ಟಬಹುದು ಎಂದಳು.

ಮರೂಸೊ ಹಾಸಿಗೆ ಹಿಡಿದಿದ್ದಳು. ಕಲಿರೋಯಿ ಅವಳ ಕಿವಿಯ ಬಳಿ ಬಾಗಿ, ಮುಖ ಹೇಗಿತ್ತು ಎಂದು ಕೇಳಿದಳು.

"ಮುಖ ನೋಡಲಿಲ್ಲ ಕಣೆ. ಬೋರಲಾಗಿ ಬಿದ್ದಿದ್ಲು, ಹಾಗೇ ಒಡೆದ್ವಿ. ತಿರುಗಿಸಿದ್ರೆ ಕೈ ಏಳ್ತಿರ್ಲಿಲ್ಲ. ಬೆನ್ನ ಮೇಲೆ ನಾಲ್ಕು ಜಡೆ ಇತ್ತು. ಒಂದನ್ನ ಮುಟ್ಟಿ ನೋಡಿದ್ದೆ."

ಆ ಚಳಿಗಾಲ ಮುದುಕಿ ಸತ್ತಳು. ಈಗ ಲಿಗರಿಯಾದಲ್ಲಿ ಫೋನ್ ಹಿಡಿದರೆ ಪಾದದ ಮೇಲೆ ಯಾರೂ ಕಾಣುವುದಿಲ್ಲ. ಮುಖವಿಲ್ಲದವಳನ್ನು ನಿಲ್ಲಿಸಬೇಡಿ ಎಂದು ಕಲಿರೋಯಿಯೇ ಹೇಳಿದ್ದಳು. ಸುಣ್ಣಕ್ಕಾಗಿ ಸುಡಲಾಯಿತು, ಬೆನ್ನ ಮೇಲೆ ನಾಲ್ಕು ಜಡೆಗಳಿದ್ದವು ಎಂಬ ಎರಡು ಸಾಲು ಮಾತ್ರ ಪರದೆಯಲ್ಲಿ ಮೂಡುತ್ತವೆ. ಸುಟ್ಟವರ ಹೆಸರನ್ನೂ ಹಾಕಿ ಎಂದಿದ್ದಳು. ಇಸ್ಮಿನಿ ಹಾಕಲಿಲ್ಲ.